ಆಷಾಢದ ಜೋಡಿ

ಹನಗೋಡಿನ ಚಂದುವಿಗೆ ಮದುವೆಯಾಗಿ ಮೂರು ತಿಂಗಳು. ಆಷಾಢ ಹುಟ್ಟಿತೆಂದು ಹೆಂಡತಿ ರಮ್ಯಳನ್ನು ಕೆ.ಆರ್. ನಗರದ ತವರಿಗೆ ಕಳಿಸಿದ್ದರು. ಆ ತಿಂಗಳು ಅತ್ತೆ ಸೊಸೆ ಮುಖ ನೋಡಬಾರದು, ಗಂಡನೂ ಅತ್ತ ಕಾಲಿಡಬಾರದು. ಕಳಿಸುವ ದಿನವೇ ಅವನ ಅವ್ವ ಪುಟ್ಟತಾಯಮ್ಮ ಬೀದಿ ಹೆಂಗಸರ ಮುಂದೆ, "ಇವಳಿಗೆ ಮುದ್ದೆ ತಿರುವಕ್ಕೂ ಬರಾಕಿಲ್ಲ, ಅವರವ್ವ ಏನ್ ಕಲ್ಸವ್ಳೋ" ಅಂದುಬಿಟ್ಟಿದ್ದಳು. ರಮ್ಯ ಬ್ಯಾಗು ಎತ್ತಿಕೊಂಡು ಬಸ್ಸು ಹತ್ತಿದ್ದಳು. ಆಮೇಲೆ ಫೋನ್ ಮಾಡಿದರೆ ಬರೀ "ಹ್ಞೂಂ". ಆಷಾಢ ಕಳೆದ ಮೇಲೆ ಇವಳು ಬರುತ್ತಾಳೋ ಇಲ್ಲವೋ, ಅದೊಂದೇ ಚಂದುವಿನ ತಲೆ ಕೊರೆಯುತ್ತಿತ್ತು.

ಕೊನೆಗೆ ಗುಟ್ಟಾಗಿ ಮೈಸೂರಿನಲ್ಲಿ ಸಿಗೋಣವೆಂದು ಫೋನಿನಲ್ಲೇ ಒಪ್ಪಿಸಿದ. ಬೆಟ್ಟಕ್ಕೆ ಹೋಗುತ್ತೇನೆಂದು ತವರಲ್ಲಿ ಹೇಳಿ ಅವಳು ಶುಕ್ರವಾರ ಮೈಸೂರಿಗೆ ಬಂದಳು. ಹೊಗೆಸೊಪ್ಪಿಗೆ ಗೊಬ್ಬರ ತರುತ್ತೇನೆಂದು ಅವ್ವನಿಗೆ ಹೇಳಿ ಇವನೂ ಬಂದ. ಆಷಾಢದ ಶುಕ್ರವಾರ ಜಿಲ್ಲೆಗೆ ಜಿಲ್ಲೆಯೇ ಚಾಮುಂಡಿ ಬೆಟ್ಟಕ್ಕೆಂದು ಮೈಸೂರಿನಲ್ಲಿ ಇಳಿಯುತ್ತದೆಂಬುದು ಆ ಬುದ್ಧಿವಂತನಿಗೆ ಹೊಳೆದದ್ದು ಮಾರ್ಕೆಟ್ಟಿನ ಹೂವಿನ ಓಣಿಯಲ್ಲಿ.

"ಏನ್ಲಾ ಚಂದು, ಆಷಾಢದಾಗೆ ಜೋಡೀಲಿ!" ಸೇವಂತಿಗೆ ಮೂಟೆಗಳ ಹಿಂದಿನಿಂದ ಅವನೂರಿನ ತಿಮ್ಮಯ್ಯ ಹಲ್ಲು ಕಿರಿದ. "ತಡ್ಕಳಕ್ಕಾಗ್ನಿಲ್ವಾ?"

"ನಿನ್ ಹೂವ ನೀನ್ ನೋಡ್ಕೋ ಹೋಗಣ್ಣ," ಎಂದು ಉರಿದುಬಿದ್ದು ರಮ್ಯಳ ಕೈ ಹಿಡಿದು ಕುಂಕುಮದಂಗಡಿಗಳ ಸಂದಿಗೆ ನುಗ್ಗಿದ.

ಅಲ್ಲಿಂದ ಅಗ್ರಹಾರದ ಹಳೇ ಗಲ್ಲಿಗಳು. ಒಂದು ಹೆಂಚಿನ ಮನೆಯ ಜಗಲಿಯ ಮೇಲೆ ಕೂತಿದ್ದರಷ್ಟೇ, ಒಳಗಿನಿಂದ ಅಜ್ಜಿಯೊಬ್ಬರು "ಯಾರದು?" ಎಂದು ಕೆಮ್ಮಿದರು. ಪಾರ್ಕಿಗೆ ಹೋದರೆ ಕಾವಲಿನವನು ಸೀಟಿ ಊದಿದ. "ಜೋಡಿಗಳು ಮರದ ಮರೇಲಿ ಕೂರಂಗಿಲ್ಲ, ಏಳ್ರಿ."

"ತಾಳಿ ಕಟ್ಟಿದೀನಿ ಕಣ್ರೀ! ಕಾಲುಂಗುರ ಕಾಣಲ್ವಾ?"

ರಾಜರು ಕಟ್ಟಿಸಿದ ಇಷ್ಟು ದೊಡ್ಡ ಊರಿನಲ್ಲಿ ಗಂಡ ಹೆಂಡತಿ ಎರಡು ಮಾತಾಡಲು ಗೇಣು ಜಾಗವಿಲ್ಲ! ಹಲ್ಲು ಕಡಿಯುತ್ತಾ ಗೇಟಿನ ಪಕ್ಕದ, ಎಲ್ಲರಿಗೂ ಕಾಣುವ ಬೆಂಚಿನಲ್ಲಿ ಕೂತ.

"ಬತ್ತೀಯೋ ಇಲ್ವೋ ಹೇಳ್ಬುಡು. ಅವ್ವನ ಜೊತೆ ನಾನ್ ಜಗಳ ಆಡ್ತೀನಿ."

"ನಿಮ್ ಜಗಳ ಯಾರಿಗ್ ಬೇಕು? ಬೀದಿ ಮುಂದೆ ಅಂದೋರು ಬೀದಿ ಮುಂದೇನೇ ಕರೀಲಿ. ಬತ್ತೀನಿ."

ಅಷ್ಟರಲ್ಲಿ ಬೆಟ್ಟ ಇಳಿದ ಹೆಂಗಸರ ಗುಂಪೊಂದು ನೆರಳಿಗೆಂದು ಗೇಟು ಹೊಕ್ಕಿತು. ಎಲ್ಲರೂ ಹನಗೋಡಿನ ಅವನ ಬೀದಿಯವರೇ. ಮುಂದೆ ಪುಟ್ಟತಾಯಮ್ಮ. ಸೊಸೆಯನ್ನು ಕಂಡದ್ದೇ ಗಿರ್ರನೆ ಬೆನ್ನು ತಿರುಗಿಸಿ ನಿಂತಳು.

"ನಾನೇನೂ ನೋಡ್ನಿಲ್ಲ ಕಣಪ್ಪ. ಗೊಬ್ಬರ ಪಾರ್ಕ್‌ನಲ್ಲಿ ಕೊಡ್ತಾರೇನ್ಲಾ?"

ಹೆಂಗಸರು ಕಿಸಕ್ಕೆಂದರು. ಚಂದುವಿಗೆ ತಡೆಯಲಾಗಲಿಲ್ಲ. "ನಗಬ್ಯಾಡ್ರಿ! ಅವ್ವ, ನಿನ್ ಬಾಯಿಂದ ಇವಳು ಮನೆಗೇ ಬರದಂಗಾಗೈತೆ. ಇವರ ಮುಂದೇನೇ ಆಡ್ಕಂಡ್ಯಲ್ಲ, ಇವರ ಮುಂದೇನೇ ಕರಿ!"

ರಮ್ಯ ಅವನ ತೋಳು ಜಗ್ಗಿದಳು. ಮಾತು ಆಗಲೇ ಹೊರಬಿದ್ದಿತ್ತು. ಪುಟ್ಟತಾಯಮ್ಮ ಸೆರಗು ಸರಿಮಾಡಿಕೊಂಡು ಹೆಂಗಸರಿಗೆ ಗಟ್ಟಿಯಾಗಿ ಹೇಳಿದಳು:

"ಕೇಳಿಸ್ಕಳ್ರಮ್ಮಿ ಎಲ್ಲಾರೂವೆ. ಮುದ್ದೆ ತಿರುವಾದು ನಾನೂ ಕಲ್ತಿದ್ದು ಅತ್ತೆ ಮನೇಲೇಯ. ಅವತ್ತು ಅಂದಿದ್ದು ತಪ್ಪಾಯ್ತು. ಆಷಾಢ ಕಳೀಲಿ, ನಾನೇ ಹೋಗಿ ನನ್ ಸೊಸೇನ ಕರ್ಕಂಡ್ ಬತ್ತೀನಿ."

ರಮ್ಯ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು.

"ಈಗವಳ್ನ ಊಟಕ್ಕೆ ಕರ್ಕಂಡ್ ಹೋಗ್ಲಾ," ಎಂದಳು ಪುಟ್ಟತಾಯಮ್ಮ, ಇನ್ನೂ ಬೆನ್ನು ತಿರುಗಿಸಿಕೊಂಡೇ. "ನೀವು ಅತ್ಲಾಗ್ ಹೋದ್ರೆ ನಾನು ಇತ್ಲಾಗ್ ತಿರುಗ್ಕತೀನಿ."