ಎರಡನೇ ಸೈರನ್

ಅರ್ಧ ದಿನ ಯುದ್ಧ, ಅರ್ಧ ದಿನ ಊರು. ಪ್ರವಾಸದ ಕಂಪನಿಯವರು ಬಸ್ಸಿನ ಮೈಮೇಲೆ ಹಾಗೇ ಬರೆಸಿದ್ದರು. ಬೆಳಿಗ್ಗೆ ಫಿರಂಗಿ ದಿಬ್ಬ, ಸೈನಿಕರ ಸಮಾಧಿ, ನೆಲಮಾಳಿಗೆ; ಊಟವಾದ ಮೇಲೆ ಗಡಿಯಾರ ಗೋಪುರ, ಹೂದೋಟ, ದೋಣಿ. ಸತ್ತವರನ್ನು ನೋಡಿ ಬಂದವರಿಗೆ ಹಸಿವು ಜಾಸ್ತಿ ಅನ್ನುವುದು ಡ್ರೈವರ್ ಅಣ್ಣನ ಸಿದ್ಧಾಂತ. ಸುಳ್ಳಲ್ಲ ಬಿಡಿ, ನೆಲಮಾಳಿಗೆಯಿಂದ ಹತ್ತಿ ಬಂದವರೆಲ್ಲ ಮೊದಲು ಕೇಳುವುದು ಊಟ ಎಷ್ಟೊತ್ತಿಗೆ ಅಂತಲೇ.

ಹನ್ನೊಂದು ವರ್ಷದಿಂದ ಈ ಬಸ್ಸಿಗೆ ಅವಳೇ ಗೈಡ್. ಮೈಕು ಕೈಗೆ ಬಂದರೆ ಸಾಕು, ಬಾಯಿ ತನ್ನ ಪಾಡಿಗೆ ಓಡುತ್ತದೆ. ಮನಸ್ಸು ಮಾತ್ರ ಮನೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿರುತ್ತದೆ. ಆದರೆ ಈವತ್ತು ಡ್ರೈವರ್ ಹಿಂದಿನ ಸೀಟಿನಲ್ಲಿ ಅವಳ ಅಪ್ಪ ಕೂತಿದ್ದ.

ಅಕ್ಕನ ಮನೆಗೆ ಸುಣ್ಣ ಬಣ್ಣ ಎಂದು ಒಂದು ವಾರಕ್ಕೆ ಇವಳಲ್ಲಿಗೆ ಬಂದವನು, ಬೆಳಿಗ್ಗೆ ಎದ್ದು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತುಬಿಟ್ಟಿದ್ದ.

"ನಾನೂ ಬರ್ತೀನಿ."

"ಅಲ್ಲೇನಿದೆ ಅಂತ ಬರ್ತೀಯಪ್ಪಾ? ಮೆಟ್ಟಿಲು ಬೇರೆ."

"ನೀನು ಏನ್ ಹೇಳ್ತೀಯ ಅಂತ ಒಂದ್ಸಲ ಕೇಳ್ಬೇಕು."

ಎಪ್ಪತ್ತೆಂಟು ವರ್ಷದ ಹಟ, ಕಲ್ಲು ಕರಗಿದರೂ ಕರಗುವಂಥದ್ದಲ್ಲ.

ಅವನು ಬರುವುದು ಅವಳಿಗೆ ಬೇಡವಾಗಿದ್ದು ಯಾಕೆಂದು ಹೇಳಿಬಿಡುತ್ತೇನೆ, ಮುಚ್ಚಿಡುವುದೇನಿದೆ. ನಲವತ್ತು ವರ್ಷದ ಹಿಂದೆ ಆ ನೆಲಮಾಳಿಗೆ ಉಗ್ರಾಣದ್ದು. ಅಪ್ಪ ಅಲ್ಲಿ ಗುಮಾಸ್ತ. ಯುದ್ಧದ ದಿನಗಳಲ್ಲಿ ಬಾಂಬು ಹಾಕುವ ವಿಮಾನ ಬರುವ ಮೊದಲು ಎರಡು ಸಲ ಸೈರನ್ ಕೂಗುತ್ತಿತ್ತು. ಮೊದಲನೆಯದಕ್ಕೆ ಬೀದಿಯ ಜನ ಇಳಿದು ಬರಬೇಕು, ಎರಡನೆಯದು ಪೂರ್ತಿ ನಿಂತ ಮೇಲೆ ಗುಮಾಸ್ತ ಕಬ್ಬಿಣದ ಬಾಗಿಲು ಹಾಕಬೇಕು. ಒಂದು ಮಧ್ಯಾಹ್ನ ಅಪ್ಪ ಬಾಗಿಲು ಹಾಕಿದಾಗ ಹತ್ತೊಂಬತ್ತು ಜನ ಇನ್ನೂ ಮೆಟ್ಟಿಲ ಮೇಲಿದ್ದರು. ಒಬ್ಬರೂ ಉಳಿಯಲಿಲ್ಲ. ಆಮೇಲೆ ಮನೆಯವರೆಲ್ಲ ಊರಿನ ಇನ್ನೊಂದು ತುದಿಗೆ ಬಂದು ನೆಲೆಸಿದರು. ಅಮ್ಮ ಸಾಯುವ ಮುಂಚೆ ಇವಳ ಕೈ ಹಿಡಿದು, "ನಿಯಮ ಇದ್ದದ್ದೇ ಹಾಗೆ ಕಣೇ. ಒಳಗಿದ್ದೋರನ್ನ ಉಳಿಸೋಕೆ ಹಾಕಿದ್ರು. ಅವರನ್ನ ಕೇಳೋಕೆ ಹೋಗ್ಬೇಡ" ಅಂದಿದ್ದಳು. ಇವಳು ಕೇಳಲೂ ಇಲ್ಲ. ಆಗ ಇವಳು ಕೈಗೂಸು, ಏನೂ ನೆನಪಿಲ್ಲ; ನಾವೂ ಒಳಗಿದ್ದೆವು, ನಮ್ಮನ್ನೂ ಉಳಿಸಲಿಕ್ಕೇ ಇರಬೇಕು ಅಂದುಕೊಂಡು, ಆ ನಂಬಿಕೆಯ ಮೇಲೇ ಇಷ್ಟು ವರ್ಷ ಬದುಕಿದ್ದಳು.

ಕಂಪನಿಯ ಪುಸ್ತಿಕೆಯಲ್ಲಿ 'ಕತ್ತಲಲ್ಲಿ ಬಾಗಿಲು ಹಾಕಿದವರು ಯಾರೆಂದು ತಿಳಿದಿಲ್ಲ' ಎಂದಷ್ಟೇ ಇದೆ. ಅಷ್ಟು ಹೇಳಿ ಸುಮ್ಮನಾದರೆ ಪ್ರವಾಸಿಗಳ ಮುಖ ಸಪ್ಪೆಯಾಗುತ್ತಿತ್ತು. ಅದಕ್ಕೆ ಎರಡನೇ ವರ್ಷ ಇವಳೇ ಒಂದು ಒಗ್ಗರಣೆ ಹಾಕಿದಳು: "ಯಾವನೋ ಪುಣ್ಯಾತ್ಮ, ತನ್ನ ಜೀವ ಉಳಿದರೆ ಸಾಕು ಅಂತ ಹಾಕ್ಕೊಂಡ. ಈವತ್ತೂ ಎಲ್ಲೋ ಹೊಟ್ಟೆ ತುಂಬ ಉಂಡು ಹಾಯಾಗಿರ್ಬೇಕು." ಜನ ಛೆ ಛೆ ಎಂದು ಲೊಚಗುಟ್ಟುತ್ತಿದ್ದರು. ಮೊದಲ ಸಲ ಹೇಳಿದಾಗ ನಾಲಿಗೆ ಸುಟ್ಟಂತಾಗಿತ್ತು. ಮೂರು ತಿಂಗಳಾದ ಮೇಲೆ ಏನೂ ಆಗಲಿಲ್ಲ. ಅಭ್ಯಾಸ ಅನ್ನುವುದು ಹಾಳಾದ್ದು, ಎಂಥದ್ದನ್ನೂ ನುಂಗಿಸುತ್ತದೆ.

ಈವತ್ತೊಂದು ದಿನ ಆ ಮಾತು ಆಡಬಾರದು. ದಿಬ್ಬದಲ್ಲೂ ಅದನ್ನೇ ಅಂದುಕೊಂಡಳು, ಸಮಾಧಿಯ ಹತ್ತಿರವೂ ಅದನ್ನೇ. ಅಪ್ಪ ಎಲ್ಲರ ಜೊತೆ ಕೈಕಟ್ಟಿಕೊಂಡು ನಿಂತು, ಮೊದಲ ಬೆಂಚಿನ ಹುಡುಗನ ಹಾಗೆ ಕೇಳಿಸಿಕೊಳ್ಳುತ್ತಿದ್ದ.

ನೆಲಮಾಳಿಗೆಗೆ ಇಳಿಯುವಾಗ ಅವನು ಗೋಡೆಯ ಸರಳು ಹಿಡಿಯಲಿಲ್ಲ. ಕತ್ತಲಲ್ಲೂ ಒಂದೊಂದು ಮೆಟ್ಟಿಲೂ ಅವನ ಕಾಲಿಗೆ ಗೊತ್ತಿತ್ತು. ಕೆಳಗೆ ಮಡಚುವ ಕುರ್ಚಿ ಹಾಕಿ ಕೂರಿಸಿದಳು. ಗೋಡೆಯ ದಪ್ಪ, ಒಳಗಿದ್ದ ನೂರಾ ನಲವತ್ತು ಜನ, ಕಲ್ಲಿನಲ್ಲಿ ಕೆತ್ತಿದ ಹತ್ತೊಂಬತ್ತು ಹೆಸರು, ಎಲ್ಲ ಹೇಳಿದಳು. ನೋಟ್‌ಬುಕ್ಕಿನಲ್ಲಿ ಬೆಳಿಗ್ಗೆಯಿಂದ ಎಲ್ಲವನ್ನೂ ಗೀಚಿಕೊಳ್ಳುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ತಲೆ ಎತ್ತಿದರು.

"ಮೇಡಂ, ಬಾಗಿಲು ಹಾಕಿದ್ದು ಯಾರು?"

"ಯಾವನೋ ಪುಣ್ಯಾತ್ಮ," ಅಂದಿತು ಬಾಯಿ, "ತನ್ನ ಜೀವ ಉಳಿದರೆ ಸಾಕು ಅಂತ..."

ನಿಲ್ಲಿಸಬೇಕು ಅನ್ನುವಷ್ಟರಲ್ಲಿ ಹೊಟ್ಟೆ ತುಂಬ ಉಣ್ಣುವುದೂ ಹಾಯಾಗಿರುವುದೂ ಎಲ್ಲ ಮುಗಿದಿತ್ತು. ಮಂದಿ ಲೊಚಗುಟ್ಟಿದರು. ಅಪ್ಪ ತಲೆ ಆಡಿಸಿದ, ಸರಿ ಉತ್ತರ ಕೇಳಿದವನ ಹಾಗೆ. ಮೇಷ್ಟ್ರು ಬರೆದುಕೊಂಡರು.

ಊಟದ ಹೊತ್ತಿಗೆ ಗಡಿಯಾರ ಗೋಪುರದ ಕೆಳಗಿನ ಕಟ್ಟೆಯ ಮೇಲೆ ಅಪ್ಪ ಮಗಳು ಕೂತರು. ಅವಳು ಪೊಟ್ಟಣ ಬಿಚ್ಚಿ ಕೊಟ್ಟಳು.

"ಅಪ್ಪಾ, ಅದು ಸುಮ್ನೆ ಜನಕ್ಕೋಸ್ಕರ ಹೇಳೋದು. ಬಾಯಿ ತಪ್ಪಿ ಬಂತು. ನಾಳೆಯಿಂದ ಬಿಟ್ಬಿಡ್ತೀನಿ."

"ಯಾಕ್ ಬಿಡ್ತೀಯ? ಸರಿಯಾಗೇ ಇದೆ."

"ಏನ್ ಸರಿ? ಸೈರನ್ ನಿಂತ ಮೇಲೆ ತಾನೇ ನೀನು ಹಾಕಿದ್ದು. ನಿಯಮ ಅಲ್ವಾ ಅದು?"

ಅಪ್ಪ ತುತ್ತು ಅಗಿದು ನುಂಗಿದ.

"ನಿಂತಿರ್ಲಿಲ್ಲ ಮಗಾ. ಎರಡನೇದು ಇನ್ನೂ ಕೂಗ್ತಾನೇ ಇತ್ತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸ್ತಿತ್ತು. ಹೆದರಿಕೆ ಆಯ್ತು, ಹಾಕ್ಬಿಟ್ಟೆ."

"ನಾವು ಒಳಗಿದ್ವಿ, ಅದಕ್ಕೆ..."

"ನೀವೆಲ್ಲಿದ್ರಿ? ಅಮ್ಮ ನಿಮ್ಮಿಬ್ಬರನ್ನೂ ಕರ್ಕೊಂಡು ಅಜ್ಜಿ ಮನೇಲಿದ್ಲು. ಒಳಗೆ ನಮ್ಮೋರು ಅಂತ ಯಾರೂ ಇರ್ಲಿಲ್ಲ. ನಾನೊಬ್ನೇ. ಸೈರನ್ ನಿಂತ ಮೇಲೆ ಹಾಕ್ದೆ ಅಂತ ಅಮ್ಮಂಗೆ ನಾನೇ ಸುಳ್ಳು ಹೇಳಿದ್ದು."

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬರುತ್ತದೇನೋ ಎಂದು ಕಾದಳು, ಅದೂ ಬರಲಿಲ್ಲ. ಇಂಜೆಕ್ಷನ್ ಕೊಟ್ಟ ಒಸಡಿನ ಹಾಗೆ ಒಳಗೆಲ್ಲ ಮರಗಟ್ಟಿತ್ತು. ಹೊಟ್ಟೆಗಿಲ್ಲದೆ ಮೇಲೇಳಬಾರದೆಂದು ತನ್ನ ಪಾಲಿನದನ್ನೂ ತಿಂದು ಮುಗಿಸಿದಳು. ಅಪ್ಪನಿಗೆ ನೀರು ಕೊಟ್ಟಳು.

ಬಸ್ಸು ಹೊರಟಿತು. ಹೂದೋಟದ ಬಗ್ಗೆ ಹೇಳಲು ಮೈಕು ಎತ್ತಿಕೊಂಡಳು. ಅಷ್ಟರಲ್ಲಿ ಮೇಷ್ಟ್ರು ಸೀಟು ಹಿಡಿದುಕೊಂಡು ಮುಂದೆ ಬಂದರು.

"ಒಂದು ನಿಮಿಷ ಮೇಡಂ. ಆ ಬಾಗಿಲು ಹಾಕಿದೋನ ಹೆಸರಿನ ಜಾಗ ಖಾಲಿ ಬಿಟ್ಟಿದೀನಿ. ಗೊತ್ತಿಲ್ಲ ಅಂತಲೇ ಬರ್ಕೊಳ್ಲಾ?"

ಡ್ರೈವರ್ ಅಣ್ಣ ಕನ್ನಡಿಯಲ್ಲಿ ನೋಡಿದ. ಅವಳು ಅಪ್ಪನ ಕಡೆ ನೋಡಲಿಲ್ಲ. ನೋಡಿದ್ದರೆ ಬಾಯಿ ಮತ್ತೆ ತನ್ನ ಪಾಡಿಗೆ ಏನಾದರೂ ಅಂದುಬಿಡುತ್ತಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಂದೊಂದು ಮಾತನ್ನೂ ತಾನೇ ಎತ್ತಿ ಇಟ್ಟಳು.

"ಗೊತ್ತು ಸರ್. ನಮ್ಮಪ್ಪ. ಸೈರನ್ ಇನ್ನೂ ಕೂಗ್ತಿರೋವಾಗ್ಲೇ ಹಾಕಿದ್ರು."

ಆಮೇಲೆ ಹೆಸರು ಹೇಳಿದಳು. ಮೈಕು ಇನ್ನೂ ಚಾಲೂ ಇತ್ತು, ಬಸ್ಸಿಗೆ ಬಸ್ಸೇ ಕೇಳಿಸಿಕೊಂಡಿತು. ಯಾರೂ ಲೊಚಗುಟ್ಟಲಿಲ್ಲ. ಮೇಷ್ಟ್ರಿಗೆ ಏನು ಮಾಡಬೇಕೋ ತೋಚದೆ, ಪಾಪ, ಬರೆಯುವ ಕೆಲಸವನ್ನೇ ಮಾಡಿದರು. ಬರೆದು ಮುಗಿಸಿ ಪೆನ್ನು ಎತ್ತಿ ಹಿಡಿದುಕೊಂಡೇ, "ಇನಿಷಿಯಲ್ಲು?" ಎಂದು ಕೇಳಿದರು.

ಅದನ್ನು ಅಪ್ಪನೇ ಎದ್ದು ನಿಂತು ಹೇಳಿದ.