ಒಂದೆಲಗದ ಮೇಲಿನ ಬಸವನಹುಳು

"ಇದೆ! ಸಾರ್, ಇದೆ!" ತುಂಗಾ ಸೂಕ್ಷ್ಮದರ್ಶಕ ಬಿಟ್ಟೆದ್ದು ಕುಣಿದೇಬಿಟ್ಟಳು. ಕುಣಿಯದೆ ಇನ್ನೇನು ಮಾಡಬೇಕಿತ್ತು ಹೇಳಿ! ಪ್ರಾಣಿಶಾಸ್ತ್ರದ ಸಂಶೋಧನೆ ಎಂದುಕೊಂಡು ಕೋಡಂಬಾಕ್ಕಂ ಸಿನಿಮಾ ಸ್ಟುಡಿಯೋಗಳ ಉಗ್ರಾಣದ ಹೆಗ್ಗಣಗಳನ್ನು ಆರು ತಿಂಗಳು ಕೊಯ್ದಿದ್ದಳು. ಅವುಗಳ ಶ್ವಾಸಕೋಶದಲ್ಲಿ ದಾರದೆಳೆಯಂಥ ಹುಳುಗಳೇನೋ ಸಿಕ್ಕಿದ್ದವು. ಅವುಗಳ ಮರಿ ಬೆಳೆಯುವುದು ಬಸವನಹುಳುವಿನ ಮೈಯೊಳಗೆ. ಅದನ್ನು ಕಣ್ಣಾರೆ ಕಂಡದ್ದು ೧೯೬೪ರ ಮಳೆಗಾಲದ ಈ ಬೆಳಗ್ಗೆಯೇ.

ಪ್ರೊಫೆಸರ್ ಮಹಾಲಿಂಗಪ್ಪನವರೂ ಬಗ್ಗಿ ನೋಡಿ ಹಿಗ್ಗಿದರು. "ಭಲೇ! ಎಲ್ಲಿ ಹಿಡಿದ್ಯಮ್ಮಾ ಈ ಬಸವನಹುಳಾನ?"

"ನಮ್ಮನೆ ಬಾವಿಕಟ್ಟೆ ಹತ್ರ ಸಾರ್, ಒಂದೆಲಗದ ಪಾತಿಲಿ..." ತುಂಗಾಳ ಮಾತು ಅಲ್ಲಿಗೇ ನಿಂತಿತು.

ಮನೆಯಲ್ಲಿ ಬದರಿನಾಥ ಮಾವನಿಗೆ ಈಚೆಗೆ ವಿಪರೀತ ಮರೆವು. ಮೊನ್ನೆ ಕೀಲ್ಪಾಕ್‌ನಲ್ಲಿ ತಮ್ಮ ಬೀದಿಯೇ ಗೊತ್ತಾಗದೆ ಅಲೆದಿದ್ದರು. ಒಂದೆಲಗದ ಹಸಿ ರಸ ಕೊಡಿ ಎಂದಿದ್ದರು ವೈದ್ಯರು. ಗೋದಾಬಾಯಿ ಅತ್ತೆ ದಿನ ನೋಡಿ ಇವತ್ತೇ ಪೂಜೆಯಾದ ಮೇಲೆ ಶುರು ಮಾಡುವವರಿದ್ದರು. ಸೊಪ್ಪಿನ ಜೊತೆ ಕಡಲೆಕಾಳಿನಷ್ಟು ಬಸವನಹುಳು ಅರೆದುಹೋದರೆ ಯಾರಿಗೆ ಗೊತ್ತಾಗುತ್ತದೆ? ಅದರೊಳಗಿನ ಈ ದರಿದ್ರ ಮರಿ ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿಗೇ ಹತ್ತುತ್ತದೆ!

"ಮಾವಂಗೆ ಇವತ್ತು ಅದೇ ಸೊಪ್ಪಿನ ರಸ ಸಾರ್!" ಎಂದವಳೇ ತುಂಗಾ ಚಪ್ಪಲಿಯನ್ನೂ ಮೆಟ್ಟದೆ ಎರಡು ಬೀದಿ ಓಡಿದಳು.

ಮಡಿಸೀರೆಯುಟ್ಟ ಅತ್ತೆ ಬೆಳ್ಳಿಬಟ್ಟಲಿಗೆ ಹಸಿರು ರಸ ಸೋಸಿ ಮುಗಿಸಿದ್ದರು. ಮಾವ ಮಣೆಯ ಮೇಲೆ ಕೂತಿದ್ದರು.

"ಕೊಡಬೇಡಿ ಅತ್ತೆ! ಅದ್ರಲ್ಲಿ ಹುಳ ಇದೆ!"

"ಏನು ಹುಳಾನೇ? ಏಳು ಸಲ ತೊಳ್ದಿದೀನಿ. ವೈದ್ಯರಿಗಿಂತ ಜಾಸ್ತಿ ಓದಿದ್ಯಾ ನೀನು?"

"ಕಣ್ಣಿಗೆ ಕಾಣಲ್ಲ ಅತ್ತೆ..."

"ಕಾಣದ್ದಕ್ಕೆ ಬಾಯಿ ಬಡ್ಕೋಬೇಡ. ಮಡೀಲಿದೀನಿ, ದೂರ ನಿಲ್ಲು!" ಬಟ್ಟಲು ಆಗಲೇ ಮಾವನ ಕೈಗೆ ಬಂದಿತ್ತು.

ವಾದಕ್ಕೆ ಹೊತ್ತೆಲ್ಲಿ? ತುಂಗಾ ಹೊಸ್ತಿಲು ದಾಟಿ ನುಗ್ಗಿದವಳೇ ಬಟ್ಟಲಿಗೆ ಐದೂ ಬೆರಳು ಅದ್ದಿದಳು. "ಹೆಗ್ಗಣ ಕೊಯ್ದ ಕೈ ಅತ್ತೆ ಇದು!"

"ಅಡಿಪಾವಿ! ಅಯ್ಯೋ ಪಾಪಿ!" ಅತ್ತೆಯ ಕೂಗು ಬೀದಿಗೆಲ್ಲ ಕೇಳಿಸಿತು. ರಸ, ಸೋಸಿದ ಬಟ್ಟೆ, ಒರಳಲ್ಲಿ ಉಳಿದಿದ್ದ ಸೊಪ್ಪು ಎಲ್ಲವನ್ನೂ ಬಳಿದು ಚೆಲ್ಲಿದರು. "ಹಾಳಾದೋಳೇ, ಒಂದು ಗಂಟೆ ಅರೆದಿದ್ದೆ ಕಣೇ!"

ಅಷ್ಟರಲ್ಲಿ ಅವಳ ಹಿಂದೆಯೇ ಹೊರಟಿದ್ದ ಮಹಾಲಿಂಗಪ್ಪನವರು ಸೂಕ್ಷ್ಮದರ್ಶಕ ಹೊತ್ತು ರಿಕ್ಷಾದಿಂದಿಳಿದರು. ತುಂಗಾಳ ಬೆರಳಿಂದ ಇನ್ನೂ ರಸ ತೊಟ್ಟಿಕ್ಕುತ್ತಿತ್ತು. ಅದೇ ಹನಿಯನ್ನು ಗಾಜಿನ ಮೇಲೆ ಇಳಿಸಿ ನೋಡಿದಳು. ಕೈ ತೊಳೆದು ಬಂದು, "ನೀವೇ ನೋಡಿ ಅತ್ತೆ," ಎಂದಳು.

ಗೋದಾಬಾಯಿ ಬೈಯುತ್ತಲೇ ಬಗ್ಗಿ ನೋಡಿದರು. ಹಸಿರು ಹನಿಯಲ್ಲಿ ಏನೋ ಒಂದು ನುಲಿಯುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು, ಮತ್ತೆ ನುಲಿಯುತ್ತಿತ್ತು.

"ಗೋದಾ, ನಾನು ಔಷಧಿ ಕುಡಿದೆನಾ?" ಮಾವ ಮಣೆಯ ಮೇಲಿಂದಲೇ ಕೇಳಿದರು.

"ಇಲ್ಲ, ಕುಡೀಲಿಲ್ಲ ನೀವು," ಎಂದವರೇ ಗೋದಾಬಾಯಿ ಮಡಿಸೀರೆಯಲ್ಲೇ ತುಂಗಾಳನ್ನು ಬಾಚಿ ತಬ್ಬಿಕೊಂಡರು. "ಈ ಮಹರಾಯ್ತಿ ಬಿಡ್ಲಿಲ್ಲ."