ಗೋಲಿನಲ್ಲಿ ನನ್ನ ಹೆಸರು

ಗ್ಲೌಸಿಗೆ ಉಗುಳಿ ಉಜ್ಜುತ್ತಿದ್ದಾನೆ, ಶೋಕಿ, ಎರಿನ್ ಮಿಲ್ಸಿನ ಈ ಫುಟ್‌ಬಾಲ್ ಮೈದಾನದಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತಲೂ ಗೊತ್ತಿಲ್ಲದವನು ನನ್ನ ಗೋಲಿನಲ್ಲಿ ನಿಂತಿದ್ದಾನೆ, ನನ್ನ ಹೆಸರಿನಲ್ಲೇ ನಿಂತಿದ್ದಾನೆ — ಹೌದು, ಇವತ್ತು ದೇವ್ ಅಂದರೆ ಮಂಥನ್, ನಿಜವಾದ ಮಂಥನ್ ಆದ ನಾನು ಬಲೆಯ ಹಿಂದೆ ಜಾಕೆಟ್ಟು ಹಾಕಿಕೊಂಡು ನಿಂತ ಯಾರೋ ಒಬ್ಬ, ಹೊಸಬರನ್ನು ಸೇರಿಸಿಕೊಳ್ಳುವ ಗಡುವು ಜುಲೈಗೇ ಮುಗಿದಿತ್ತಲ್ಲ, ಅದಕ್ಕೆ ನಮ್ಮ ಕ್ಲಬ್ಬಿನ ಅಧ್ಯಕ್ಷರು, ಡಾಕ್ಟರ್ ರಾಮಮೂರ್ತಿ, ಬೆಳಿಗ್ಗೆ ಪಾರ್ಕಿಂಗ್ ಲಾಟಲ್ಲಿ ನನ್ನ ಪ್ಲೇಯರ್ ಕಾರ್ಡು ಇಸಕೊಂಡು ತಮ್ಮ ಮೊಮ್ಮಗ ಈ ದೇವ್‌ನ ಕೈಗಿಟ್ಟರು, ಬೇಜಾರು ಮಾಡ್ಕೋಬೇಡಪ್ಪ ಮಂಥನ್, ದೇವ್ ಓಕ್‌ವಿಲ್ ಅಕಾಡೆಮೀಲಿ ಆಡಿದೋನು, ಆ ಬಿಳಿ ರೆಫರಿಗೆ ನಾವೆಲ್ಲ ಒಂದೇ ಥರ ಕಾಣ್ತೀವಿ ಬಿಡು, ಅಂತ ನಕ್ಕರು, ನಗೋದಕ್ಕೆ ಏನಿತ್ತು, ರೆಫರಿ ನಿಜಕ್ಕೂ ನನ್ನ ಫೋಟೋ ನೋಡಿದ, ಅವನ ಮುಖ ನೋಡಿದ, ಗುಡ್ ಅಂದ, ನನ್ನ ಮೂಗೇ ಬೇರೆ, ಅವನ ಕೆನ್ನೆಯ ಗುಳಿಯೇ ಬೇರೆ, ಮೈ ಉರಿದುಹೋಯಿತು. 2017ರಲ್ಲಿ ಕೆಳಗಿನ ಡಿವಿಷನ್ನಿಂದ ಇವರನ್ನು ಮೇಲೆ ಎತ್ತಿದವನು ಯಾರು, ವೇರ್‌ಹೌಸಿನ ಶಿಫ್ಟ್ ಮುಗಿಸಿ ಎರಡು ಬಸ್ಸು ಬದಲಾಯಿಸಿ ಬಂದು ಕೆಸರಲ್ಲಿ ಬಿದ್ದೆದ್ದವನು ಯಾರು, ಟಾಪ್ ಡಿವಿಷನ್ನಿಗೆ ಬಂದಮೇಲೆ ಮಾತ್ರ, ಸೋತಾಗೆಲ್ಲ, ಕೀಪರ್ ಸರಿಯಿಲ್ಲ ಕಣ್ರೀ ಅಂತಾರೆ, ಡಿಫೆನ್ಸಿನಲ್ಲಿ ನಮ್ಮ ವರುಣ್ ಬಸ್ಸಿಗೆ ಕಾಯೋನ ಥರ ನಿಂತಿರೋದು ಯಾರ ಕಣ್ಣಿಗೂ ಬೀಳಲ್ಲ.

ಇವತ್ತು ಕೊನೆ ಮ್ಯಾಚು, ಡ್ರಾ ಆದರೂ ಸಾಕು ಉಳಿದುಕೊಳ್ಳುತ್ತೇವೆ, ಸೋತರೆ ಮತ್ತೆ ಕೆಳಗೆ, ಒಂದಕ್ಕೆ ಒಂದು ಇತ್ತು, ಇನ್ನೇನು ಮುಗೀತು ಅನ್ನುವಾಗ ಅದೇ ವರುಣ್ ಎದುರಾಳಿಯೊಬ್ಬನನ್ನು ಕಾಲು ಕೊಟ್ಟು ಕೆಡವಿದ, ಪೆನಾಲ್ಟಿ, ಚೆಂಡು ಇಡುತ್ತಿರುವ ಆ ಕೆಂಪು ಗಡ್ಡದವನು ನನಗೆ ಗೊತ್ತು, ಮೇ ತಿಂಗಳಲ್ಲಿ ನನಗೇ ಹೀಗೊಂದು ಪೆನಾಲ್ಟಿ ಹೊಡೆದಿದ್ದ, ನೋಡುವುದು ಕೀಪರನ ಬಲಕ್ಕೆ, ಹೊಡೆಯುವುದು ಎಡಕ್ಕೆ, ನೆಲಕ್ಕಂಟಿಸಿ, ದೇವ್‌ಗೆ ಏನು ಗೊತ್ತು — ಹೇಳಬಾರದು, ಹಾಳಾಗಿ ಹೋಗಲಿ, ಇಳಿಯಲಿ, ಅಂದುಕೊಂಡೆ, ಹೌದು, ಅಂದುಕೊಂಡೆ, ಆದರೆ ಈ ಊರಲ್ಲಿ ನನ್ನದು ಅಂತ ಇರುವುದು ಈ ದರಿದ್ರ ಕ್ಲಬ್ಬು ಒಂದೇ, ದೇವ್ ಅಂತ ಕೂಗಿದರೆ ರೆಫರಿಗೆ ಗೊತ್ತಾಗುತ್ತದೆ, ಪಾಯಿಂಟೇ ಕಿತ್ತುಕೊಳ್ಳುತ್ತಾರೆ, ಕೂಗಬಹುದಾದ ಹೆಸರು ಒಂದೇ, ಮಂಥನ್, ಎಡಕ್ಕೆ, ಗಂಟಲು ಹರಿಯುವ ಹಾಗೆ, ಮಂಥನ್, ನನ್ನ ಹೆಸರನ್ನು ನಾನೇ, ಡಾಕ್ಟರು ತಿರುಗಿ ನೋಡಿದರು, ವರುಣ್ ನೋಡಿದ, ದೇವ್ ಒಬ್ಬ ನೋಡಲಿಲ್ಲ, ಯಾಕೆ ನೋಡುತ್ತಾನೆ, ಅದೇನು ಅವನ ಹೆಸರೇ — ಬಲಕ್ಕೆ ಹಾರಿದ, ಚೆಂಡು ಎಡಕ್ಕೆ, ನೆಲಕ್ಕಂಟಿಕೊಂಡು ನನ್ನ ಮೊಣಕಾಲ ಮುಂದೆಯೇ ಬಲೆ ಉಬ್ಬಿತು, ಇಳಿದೆವು, ಡಾಕ್ಟರು ಹತ್ತಿರ ಬಂದು ಏನೋ ಹೇಳುತ್ತಿದ್ದಾರೆ, ನೀನಿದ್ರೂ ಅಷ್ಟೇ ಕಣಪ್ಪ ಅಂತಲೋ ಏನೋ, ನನಗೆ ಬೇಕಾಗಿಲ್ಲ, ನನಗೆ ಕಾಣುತ್ತಿರುವುದು ದೇವ್‌ನ ಕತ್ತಿನ ಹಿಂಭಾಗ, ಹೊಸದಾಗಿ ಕತ್ತರಿಸಿದ ಕೂದಲು, ಬೆವರು, ಮಂಥನ್ ಅಂದೆ, ಆ ಕತ್ತು ತಿರುಗಲಿಲ್ಲ, ಮಂಥನ್ ಅಂದೆ, ತಿರುಗಲಿಲ್ಲ ಆ ಕತ್ತು.